ಕಾಳಿ ಹೊಳೆಯ ಬಾಯಲ್ಲಿ ನಮ್ಮ ಕಾರವಾರ
(ಕಲಿಕಾ ಕೇಂದ್ರದಲ್ಲಿ ಅಕ್ಕಂದಿರ ಮುಂದೆ ಆಡಿದ ಮಾತು)



ನಿಮಗೆ ಈಗ ಅಕ್ಷರ ಬಂತು. ಬಸ್ಸಿನ ಬೋರ್ಡು ಓದ್ತೀರಿ. ರೇಷನ್ ಕಾರ್ಡಿನಲ್ಲಿ ಹೆಸರು ಸರಿ ಉಂಟೋ ಇಲ್ಲವೋ ನೀವೇ ನೋಡ್ತೀರಿ. ಇವತ್ತು ನಮ್ಮ ಊರಿನ ಕತೆ ಹೇಳ್ತೇನೆ. ರಾಜ ರಾಣಿಯರ ಕತೆ ಕಡಿಮೆ. ಹೊಳೆ, ಗುಡ್ಡ, ಕಡಲು, ಜನ, ಇವರ ಕತೆಯೇ ಹೆಚ್ಚು.

ಮೊದಲು ಒಂದು ಪ್ರಶ್ನೆ. ನಮ್ಮ ರಾಜ್ಯಕ್ಕೆ ಇಷ್ಟು ಉದ್ದದ ಕಡಲ ತೀರ ಉಂಟು. ಹಾಗಿದ್ದರೂ ಕಾರವಾರದ ಮೇಲೆ ಎಲ್ಲರ ಕಣ್ಣು ಬಿತ್ತು. ಸೋಂದೆಯ ಅರಸರು ಇಲ್ಲಿ ಕೋಟೆ ಕಟ್ಟಿದರು. ಇಂಗ್ಲಿಷರು ಅಂಗಡಿ ಹಾಕಿದರು. ಕೊನೆಗೆ ನಮ್ಮ ದೇಶದ ನೌಕಾಪಡೆಯೂ ಇಲ್ಲಿಗೇ ಬಂತು. ಯಾಕೆ? ಇಲ್ಲಿ ಅಂಥದ್ದು ಏನುಂಟು?

ಉತ್ತರ ಬೇಕಾದರೆ ಕಡಲ ಕಡೆ ಮುಖ ಮಾಡಿ ನಿಲ್ಲಬೇಕು. ನಮ್ಮ ಬಲಗಡೆ, ಅಂದರೆ ಉತ್ತರಕ್ಕೆ, ಕಾಳಿ ನದಿ ಸಮುದ್ರ ಸೇರುತ್ತದೆ. ಅದರ ಆಚೆ ದಡದಲ್ಲಿ ಸದಾಶಿವಗಡದ ಗುಡ್ಡ. ಎಡಗಡೆ, ದಕ್ಷಿಣಕ್ಕೆ, ಬೈತಖೋಲದ ಗುಡ್ಡ ಕಡಲಿಗೆ ಮೂತಿ ಚಾಚಿದೆ. ಎದುರಿಗೆ ನೀರಿನಲ್ಲಿ ಕೂರ್ಮಗಡ, ದೇವಗಡ ದ್ವೀಪಗಳು. ಬೆನ್ನಿಗೆ ಸಹ್ಯಾದ್ರಿ. ಮಳೆಗಾಲದ ಗಾಳಿ ನೈಋತ್ಯದಿಂದ, ಅಂದರೆ ನಮ್ಮ ಎಡಗಡೆಯಿಂದ ಬೀಸುತ್ತದೆ. ಬೈತಖೋಲದ ಗುಡ್ಡ ಆ ಗಾಳಿಗೆ ಅಡ್ಡ ನಿಲ್ಲುತ್ತದೆ. ಮನೆಯ ಜಗುಲಿಗೆ ತಟ್ಟಿ ಕಟ್ಟಿ ಇರಚಲು ತಡೆಯುತ್ತೇವಲ್ಲ, ಹಾಗೆ. ಗುಡ್ಡದ ಮರೆಯಲ್ಲಿ ನೀರು ಶಾಂತ. ಅಲ್ಲಿ ಆಳವೂ ಉಂಟು. ದೊಡ್ಡ ಹಡಗು ಬಂದು ನಿಲ್ಲಬಹುದು. ಇಂಥ ಜಾಗವನ್ನು ಸಹಜ ಬಂದರು ಅಂತ ಕರೆಯುತ್ತಾರೆ. ಮನುಷ್ಯ ಕಟ್ಟಿದ್ದಲ್ಲ, ತಾನಾಗಿ ಆದದ್ದು.

ಇನ್ನು ಕಾಳಿಯ ಮಾತು. ಈ ಹೊಳೆ ಜೋಯಿಡಾ ತಾಲೂಕಿನ ಡಿಗ್ಗಿ ಎಂಬ ಹಳ್ಳಿಯ ಹತ್ತಿರ ಹುಟ್ಟುತ್ತದೆ. ಕಾಡಿನಲ್ಲಿ ಹರಿದು, ದಾಂಡೇಲಿ ದಾಟಿ, ಘಟ್ಟ ಇಳಿದು, ಸುಮಾರು 184 ಕಿಲೋಮೀಟರ್ ನಡೆದು ನಮ್ಮ ಕೋಡಿಬಾಗದಲ್ಲಿ ಕಡಲಿಗೆ ಸೇರುತ್ತದೆ. ಹುಟ್ಟಿದ್ದೂ ನಮ್ಮ ಜಿಲ್ಲೆಯಲ್ಲಿ, ಸೇರಿದ್ದೂ ನಮ್ಮ ಜಿಲ್ಲೆಯಲ್ಲಿ. ಮಳೆ ನೋಡಿ. ಇಲ್ಲಿ ವರ್ಷಕ್ಕೆ ಮೂರು ಮೀಟರಿನಷ್ಟು ಮಳೆ ಬೀಳುತ್ತದೆ. ಬಿದ್ದ ನೀರೆಲ್ಲ ಹರಿಯದೆ ನಿಂತರೆ ನಮ್ಮ ಮನೆ ಬಾಗಿಲೇ ಮುಳುಗೀತು! ಅಷ್ಟು ನೀರು ಹರಿಯುವಾಗ ಮಣ್ಣು, ಮರಳು ಎಲ್ಲವನ್ನೂ ಹೊತ್ತು ತರುತ್ತದೆ. ಹೊಳೆಯ ಬಾಯಲ್ಲಿ ಮರಳಿನ ದಿಬ್ಬ ಕಟ್ಟುತ್ತದೆ. ಬಳಚು ಆರಿಸಲು ಹೋಗುವ ಅಕ್ಕಂದಿರಿಗೆ ಇದನ್ನು ನಾನು ಹೇಳಬೇಕಾಗಿಲ್ಲ. ಇಳಿತದ ಹೊತ್ತಿಗೆ ಎಲ್ಲಿ ಮೊಣಕಾಲು ನೀರು, ಎಲ್ಲಿ ಎದೆಮಟ್ಟ ಅಂತ ಅವರ ಕಾಲಿಗೇ ಗೊತ್ತು.

ಈ ಮರಳಿನ ದಿಬ್ಬವನ್ನು ನೆನಪಿಡಿ. ಊರು ಜಾಗ ಬದಲಿಸಿದ್ದಕ್ಕೂ ಅದಕ್ಕೂ ನಂಟುಂಟು.

ಹೌದು, ಊರು ಜಾಗ ಬದಲಿಸಿದೆ. ಹಳೆಯ ಕಾರವಾರ ಇದ್ದದ್ದು ಇಲ್ಲಿ ಅಲ್ಲ. ಹೊಳೆಯಲ್ಲಿ ಸ್ವಲ್ಪ ಮೇಲೆ, ಕಡವಾಡದ ಕಡೆ. ಕಡೆಯ ವಾಡ ಎಂಬುದೇ ಕಡವಾಡ ಆಯಿತು, ಕಡವಾಡವೇ ಕಾರವಾರ ಆಯಿತು ಅಂತ ಹಿರಿಯರು ಹೇಳುತ್ತಾರೆ. ಆಗಿನ ಹಡಗುಗಳು ಸಣ್ಣವು, ಹೊಳೆಯೊಳಗೆ ಬರುತ್ತಿದ್ದವು. 1638ರಲ್ಲಿ ಇಂಗ್ಲಿಷ್ ವ್ಯಾಪಾರಿಗಳು ಅಲ್ಲಿ ಕೋಠಿ ಹಾಕಿದರು. ಕೋಠಿ ಅಂದರೆ ಸರಕು ಕೊಂಡು, ಇಟ್ಟು, ಹಡಗಿಗೆ ಹಾಕುವ ಮನೆ. ಅವರಿಗೆ ಬೇಕಾದದ್ದು ಏನು? ಮೆಣಸು, ಏಲಕ್ಕಿ. ಅದಕ್ಕಿಂತ ಹೆಚ್ಚಾಗಿ ಬಟ್ಟೆ. ಹುಬ್ಬಳ್ಳಿ ಕಡೆಯ ನೇಕಾರರು ಬಹಳ ನಯವಾದ ಮಲಮಲ್ ಬಟ್ಟೆ ನೆಯ್ಯುತ್ತಿದ್ದರು. ಅದು ಘಟ್ಟ ಇಳಿದು ಬಂದು ನಮ್ಮ ಹೊಳೆಯಿಂದ ಹಡಗು ಹತ್ತುತ್ತಿತ್ತು. ನೇಕಾರರ ಮನೆಯಲ್ಲಿ ನೂಲು ತೆಗೆಯುವವರು ಹೆಂಗಸರು. ಅವರ ಹೆಸರು ಮಾತ್ರ ಯಾವ ಲೆಕ್ಕದ ಪುಸ್ತಕದಲ್ಲಿಯೂ ಸಿಗುವುದಿಲ್ಲ.

ಹಣ ಇದ್ದ ಊರಿಗೆ ದಂಡೂ ಬರುತ್ತದೆ. 1665ರಲ್ಲಿ ಶಿವಾಜಿ ಈ ಕಡೆ ಬಂದಾಗ ಊರವರು ಕಪ್ಪ ಕೊಟ್ಟರು. ಇಂಗ್ಲಿಷರೂ ತಮ್ಮ ಪಾಲು ಕೊಟ್ಟರು. ಆಮೇಲೆ ಸೋಂದೆಯ ಅರಸರು ಹೊಳೆಯ ಬಾಯಿ ಕಾಯಲು ಆಚೆ ದಡದ ಗುಡ್ಡದಲ್ಲಿ ಕೋಟೆ ಕಟ್ಟಿದರು. ಈಗ್ಗೆ ಸುಮಾರು 300 ವರ್ಷದ ಹಿಂದಿನ ಮಾತು. ಅರಸ ತನ್ನ ತಂದೆ ಸದಾಶಿವನ ಹೆಸರಿಟ್ಟ. ಅದೇ ಸದಾಶಿವಗಡ. ಈಗ ಆ ಗುಡ್ಡವನ್ನು ಸೀಳಿಕೊಂಡು ಗೋವಾದ ಹೆದ್ದಾರಿ ಹೋಗಿದೆ. ಬಸ್ಸಿನಲ್ಲಿ ಹೋಗುವಾಗ ಕೋಟೆಯ ಹೊಟ್ಟೆಯೊಳಗೇ ಹೋಗ್ತೀರಿ.

ಕಡವಾಡದ ವ್ಯಾಪಾರ ಮುಂದೆ ಬಿದ್ದುಹೋಯಿತು. ನೂರಾರು ವರ್ಷ ಕಳೆಯಿತು. ಆಮೇಲೆ ಊರಿನ ಹಣೆಬರಹ ಬದಲಾದದ್ದು ಎಲ್ಲಿಯೋ ನಡೆದ ಯುದ್ಧದಿಂದ. 1861ರಲ್ಲಿ ಅಮೆರಿಕದಲ್ಲಿ ಅವರವರಲ್ಲೇ ಯುದ್ಧ ಹತ್ತಿತು. ಇಂಗ್ಲೆಂಡಿನ ಬಟ್ಟೆ ಗಿರಣಿಗಳಿಗೆ ಅಲ್ಲಿಂದ ಬರುವ ಹತ್ತಿ ನಿಂತಿತು. ಗಿರಣಿ ಮಾಲೀಕರು ಹತ್ತಿ ಎಲ್ಲುಂಟು ಅಂತ ಹುಡುಕಿದರು. ಧಾರವಾಡ ಸೀಮೆಯಲ್ಲಿ ಹತ್ತಿ ಬೇಕಾದಷ್ಟಿತ್ತು. ಅದನ್ನು ಕಡಲಿಗೆ ತರಲು ಹತ್ತಿರದ ಒಳ್ಳೆಯ ಬಂದರು ಯಾವುದು? ಕಾರವಾರ. ಆಗ ನಮ್ಮ ಜಿಲ್ಲೆ ಮದ್ರಾಸಿನ ಆಡಳಿತದಲ್ಲಿತ್ತು. 1862ರಲ್ಲಿ ಅದನ್ನು ಮುಂಬಯಿ ಆಡಳಿತಕ್ಕೆ ಸೇರಿಸಿದರು. ಕಾರವಾರವನ್ನು ಜಿಲ್ಲೆಯ ಮುಖ್ಯ ಊರು ಮಾಡಿದರು. ಹಡಗುಗಳು ಈಗ ದೊಡ್ಡವಾಗಿದ್ದವು. ಹೊಳೆಯ ಬಾಯಿಯ ಮರಳು ದಿಬ್ಬ ದಾಟಿ ಒಳಗೆ ಬರಲು ಆಗದು. ಹಾಗಾಗಿ ಹೊಸ ಊರು ಕಡಲ ತೀರಕ್ಕೆ, ಬೈತಖೋಲದ ಹತ್ತಿರಕ್ಕೆ ಬಂತು. ಮೊದಲು ಮೀನುಗಾರರ ಹಳ್ಳಿ ಇದ್ದಲ್ಲಿ ಕಚೇರಿ, ಕೋರ್ಟು, ಬಂಗಲೆ ಎದ್ದವು.

ಹತ್ತಿಯ ಆಸೆ ಮಾತ್ರ ಪೂರ್ತಿ ಕೈಗೂಡಲಿಲ್ಲ. ಅಮೆರಿಕದ ಯುದ್ಧ 1865ರಲ್ಲಿ ಮುಗಿಯಿತು. ಕಾರವಾರಕ್ಕೆ ರೈಲು ಬರುತ್ತದೆ ಅಂತ ಕಾದದ್ದೇ ಬಂತು. 1880ರ ದಶಕದಲ್ಲಿ ರೈಲು ಗೋವಾದ ಮರ್ಮಗೋವಾ ಬಂದರಿಗೆ ಹೋಯಿತು. ವ್ಯಾಪಾರವೂ ಅದರ ಹಿಂದೆ ಹೋಯಿತು. ಹುಬ್ಬಳ್ಳಿಯಿಂದ ನಮ್ಮ ಕರಾವಳಿಗೆ ರೈಲು ಇವತ್ತಿಗೂ ಬಂದಿಲ್ಲ. ಕಡಲ ಗುಂಟ ಹೋಗುವ ಕೊಂಕಣ ರೈಲು 1998ರಲ್ಲಿ ಪೂರ್ತಿ ಆಯಿತು. ಅದು ಬೇರೆ ದಾರಿ.

ಇಲ್ಲಿ ಒಂದು ಸಣ್ಣ ಮಾತು. ನಮ್ಮ ಕಡಲ ತೀರಕ್ಕೆ ರವೀಂದ್ರನಾಥ ಟಾಗೋರ್ ಹೆಸರು ಯಾಕೆ ಅಂತ ಕೇಳಿದ್ದಿರಿ. ಅವರ ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ಜಡ್ಜರಾಗಿದ್ದರು. 1880ರ ದಶಕದ ಮೊದಲಲ್ಲಿ ತಮ್ಮ ಇಲ್ಲಿಗೆ ಬಂದರು. ಆಗ ಇಪ್ಪತ್ತೆರಡರ ಹತ್ತಿರದ ಹುಡುಗ. ದೋಣಿಯಲ್ಲಿ ಕಾಳಿ ಹೊಳೆಗೆ ಹೋಗಿ, ಬೆಳದಿಂಗಳಲ್ಲಿ ತಿರುಗಿ ಬಂದದ್ದನ್ನು ಮುಂದೆ ಬರೆದಿದ್ದಾರೆ. ಒಂದು ನಾಟಕವನ್ನೂ ಇಲ್ಲಿ ಬರೆದರು. ಆ ಕತೆ ಎಲ್ಲರೂ ಹೇಳುತ್ತಾರೆ. ನನಗೆ ಹೇಳಲು ಇಷ್ಟ ಜಡ್ಜರ ಹೆಂಡತಿಯ ಕತೆ. ಅವರ ಹೆಸರು ಜ್ಞಾನದಾನಂದಿನಿ ದೇವಿ. ಎಳೆ ವಯಸ್ಸಿಗೇ ಮದುವೆ. ಓದಿದ್ದು ಗಂಡನ ಮನೆಯಲ್ಲಿ. ಮುಂದೆ ಅವರು ಮಕ್ಕಳ ಪತ್ರಿಕೆಯನ್ನೇ ನಡೆಸಿದರು. ರವಿಕೆ, ಒಳಲಂಗ ಹಾಕಿ ಸೀರೆ ಉಡುವ ರೀತಿಯನ್ನು ಬಂಗಾಳದ ಹೆಂಗಸರಿಗೆ ತೋರಿಸಿಕೊಟ್ಟವರೂ ಅವರೇ.

ಸ್ವಾತಂತ್ರ್ಯ ಬಂದ ಮೇಲೆ, 1956ರ ನವೆಂಬರ್ 1ರಂದು, ನಾವು ಮುಂಬಯಿ ಬಿಟ್ಟು ಕನ್ನಡ ರಾಜ್ಯಕ್ಕೆ ಸೇರಿದೆವು. 1977ರಲ್ಲಿ ಜಿಲ್ಲೆಗೆ ಉತ್ತರ ಕನ್ನಡ ಎಂಬ ಹೆಸರಾಯಿತು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಎರಡೂ. ನಮಗೆ ಅದು ಕಷ್ಟ ಅನ್ನಿಸಿಲ್ಲ.

ಪಕ್ಕದ ಗೋವಾ ಆಗಿನ್ನೂ ಪೋರ್ಚುಗೀಸರ ಕೈಯಲ್ಲಿತ್ತು. ಬಿಣಗಾದ ಎದುರು ಕಡಲಲ್ಲಿ ಕಾಣುವ ಅಂಜದೀವ್ ದ್ವೀಪವೂ ಅವರದೇ. ಅಲ್ಲಿ ಅವರು 1505ರಲ್ಲೇ ಕೋಟೆ ಕಟ್ಟಿದ್ದರು. 1961ರ ಡಿಸೆಂಬರಿನಲ್ಲಿ ಆ ದ್ವೀಪ ಬಿಡಿಸಲು ಹೋದ ನಮ್ಮ ನೌಕಾಪಡೆಯ 7 ಮಂದಿ ಅಲ್ಲೇ ಪ್ರಾಣ ಬಿಟ್ಟರು. ನೋಡಲು ನಮ್ಮ ಮನೆಯಂಗಳದಲ್ಲಿ ಇದ್ದ ಹಾಗೆ ಇದ್ದರೂ ಅದು ಈಗಲೂ ಗೋವಾ ರಾಜ್ಯಕ್ಕೇ ಸೇರಿದ್ದು.

ಈಗ ನಮ್ಮ ಕಾಲಕ್ಕೆ ಬರೋಣ. ಗುಡ್ಡ, ದ್ವೀಪ, ಆಳದ ನೀರು. ಇಂಗ್ಲಿಷರಿಗೆ ಕಂಡದ್ದು ನೌಕಾಪಡೆಗೂ ಕಂಡಿತು. 1986ರ ಅಕ್ಟೋಬರಿನಲ್ಲಿ ಪ್ರಧಾನಿ ರಾಜೀವ ಗಾಂಧಿ ಸೀಬರ್ಡ್ ಯೋಜನೆಗೆ ಕಲ್ಲು ಹಾಕಿದರು. 2005ರ ಮೇ 31ರಂದು ಕದಂಬ ನೌಕಾನೆಲೆ ಶುರುವಾಯಿತು. ದೇಶಕ್ಕೆ ಅದು ಬೇಕು, ಇಲ್ಲ ಅನ್ನಲಾಗದು. ಆದರೆ ಅದಕ್ಕಾಗಿ ಕಾರವಾರ, ಅಂಕೋಲಾ ತಾಲೂಕುಗಳ 13 ಹಳ್ಳಿಗಳ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬ ಮನೆ, ಗದ್ದೆ, ತೆಂಗು, ಕಡಲ ದಂಡೆ ಎಲ್ಲ ಬಿಟ್ಟು ಎದ್ದುಬಂದವು. ನಿಮ್ಮಲ್ಲಿ ಕೆಲವರು ಆ ಮನೆಗಳಿಂದಲೇ ಬಂದವರು. ಗದ್ದೆಯವರಿಗೆ ಗದ್ದೆಯ ಬೆಲೆ ಲೆಕ್ಕ ಹಾಕಬಹುದು. ಮೀನುಗಾರನಿಗೆ ದಂಡೆಯ ಬೆಲೆ ಹೇಗೆ ಕಟ್ಟುವುದು? ದಂಡೆಗೆ ಪಟ್ಟೆ ಇಲ್ಲ, ಪಹಣಿ ಇಲ್ಲ. ಹೆಚ್ಚಿನ ಪರಿಹಾರಕ್ಕಾಗಿ ಜನ ಹತ್ತಾರು ವರ್ಷ ಕೋರ್ಟಿಗೆ ಅಲೆದರು. ಕಾಗದದಲ್ಲಿ ಏನು ಬರೆದಿದೆ ಅಂತ ಗೊತ್ತಿಲ್ಲದೆ ಹೆಬ್ಬೆಟ್ಟು ಒತ್ತಿದ ಹೆಂಗಸರು ಅವರಲ್ಲಿ ಎಷ್ಟೋ.

ದಂಡೆಯ ಬೆಲೆ ತಿಳಿಯಬೇಕಾದರೆ ರಂಪಣಿ ಬಲೆ ನೆನಪು ಮಾಡಿಕೊಳ್ಳಿ. ದೋಣಿಯಲ್ಲಿ ಹೋಗಿ ಕಡಲಿಗೆ ಅರ್ಧಚಂದ್ರದ ಹಾಗೆ ಬಲೆ ಬಿಡುವುದು. ಎರಡೂ ತುದಿ ದಂಡೆಗೆ ತರುವುದು. ಆಮೇಲೆ ಐವತ್ತು, ಅರವತ್ತು, ಎಂಬತ್ತು ಜನ ಸೇರಿ ಎಳೆಯುವುದು. ಬಂಗಡೆ ಬಿದ್ದ ದಿನ ಕೈ ಹಾಕಿದವರಿಗೆಲ್ಲ ಪಾಲು. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬಲೆಯ ಯಂತ್ರದ ದೋಣಿ ಬಂತು. ಮೀನು ದಂಡೆಗೆ ಬರುವ ಮೊದಲೇ ಹಿಡಿದಾಯಿತು. ರಂಪಣಿ ಹಿಂದೆ ಬಿತ್ತು. ಮೀನು ಮಾರುವ ಅಕ್ಕಂದಿರು ದಂಡೆಯಲ್ಲಿ ಪಾಲು ಎತ್ತುವುದು ಬಿಟ್ಟು ಬಂದರಿನ ಹರಾಜಿಗೆ ಹೋಗಿ ನಿಲ್ಲಬೇಕಾಯಿತು.

2020ರ ಜನವರಿಯಲ್ಲಿ ನಡೆದದ್ದು ನಿಮಗೆಲ್ಲ ಗೊತ್ತುಂಟು. ಬಂದರು ದೊಡ್ಡದು ಮಾಡಲು ಟಾಗೋರ್ ತೀರದ ಕಡೆ ಕಲ್ಲಿನ ಗೋಡೆ ಕಟ್ಟುವ ಕೆಲಸ ಶುರುವಾಯಿತು. ದೋಣಿ ಎಳೆದು ಇಡಲು, ಬಲೆ ಒಣಗಿಸಲು ಉಳಿದ ದಂಡೆ ಇದೊಂದೇ ಅಂತ ಮೀನುಗಾರರು ಎದ್ದರು. ಹೆಂಗಸರು ಮುಂದೆ ನಿಂತರು. ಪೇಟೆ ಬಂದ್ ಆಯಿತು. ವಿಷಯ ಹೈಕೋರ್ಟಿಗೆ ಹೋಗಿ ಕೆಲಸಕ್ಕೆ ತಡೆ ಬಂತು.

ಹೊಳೆಯ ಕಡೆಯೂ ಒಂದು ಮಾತು ಹೇಳಲೇಬೇಕು. ಕಾಳಿಗೆ ಈಗ ಸೂಪಾ, ಕೊಡಸಳ್ಳಿ, ಕದ್ರಾ ಅಂತ ಅಣೆಕಟ್ಟುಗಳು ಉಂಟು. ಕರೆಂಟು ಅಲ್ಲಿಂದ. ದಡದಲ್ಲೇ ಕೈಗಾ ಅಣು ಸ್ಥಾವರವೂ ಉಂಟು. 2019ರ ಆಗಸ್ಟಿನ ದೊಡ್ಡ ಮಳೆಗೆ ಕದ್ರಾದ ಗೇಟು ತೆಗೆದಾಗ ಕೆಳಗಿನ ಹಳ್ಳಿಗಳಿಗೆ ನೀರು ನುಗ್ಗಿತು. ಅದೇ ವರ್ಷ ಜನವರಿ 21ರಂದು ಕೂರ್ಮಗಡದ ಜಾತ್ರೆಗೆ ಹೋದ ದೋಣಿ ಮಗುಚಿ 16 ಜನ ತೀರಿಕೊಂಡರು. ಅವರಲ್ಲಿ ಮಕ್ಕಳೂ ಇದ್ದರು. ನೀರಿನ ಸೂಚನೆಯ ಕಾಗದ ಪಂಚಾಯತಿ ಗೋಡೆಗೆ ಹಚ್ಚಿದರೆ ನಿಂತು ಓದಿ. ದೋಣಿಯಲ್ಲಿ ಇಷ್ಟೇ ಜನ ಅಂತ ಬರೆದದ್ದನ್ನೂ ಓದಿ. ಹೆಚ್ಚು ಜನ ಹತ್ತಿದ್ದರೆ ನೀವು ಇಳಿಯಿರಿ, ದೇವರು ಕೋಪ ಮಾಡಿಕೊಳ್ಳುವುದಿಲ್ಲ.

ಕೊನೆಗೆ ಸೇತುವೆ. ಮೊದಲು ಕೋಡಿಬಾಗದಿಂದ ಸದಾಶಿವಗಡಕ್ಕೆ ಹೋಗಲು ನೀರಿನ ಮೇಲೇ ದಾಟಬೇಕಿತ್ತು. 1980ರ ದಶಕದಲ್ಲಿ ಸೇತುವೆ ಆಯಿತು. ಆಚೆಯ ಮಕ್ಕಳು ಈಚೆಯ ಕಾಲೇಜಿಗೆ ಬಂದರು. ಬಸುರಿಯರು ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಸೇರಿದರು. ಹೆದ್ದಾರಿ ಅಗಲ ಮಾಡುವಾಗ ಪಕ್ಕದಲ್ಲಿ ಹೊಸ ಸೇತುವೆ ಬಂತು, ಹಳೆಯದೂ ದುಡಿಯುತ್ತಿತ್ತು. 2024ರ ಆಗಸ್ಟ್ 7ರ ನಡುರಾತ್ರಿ ದಾಟಿದ ಮೇಲೆ ಹಳೆಯ ಸೇತುವೆ ಮುರಿದು ಹೊಳೆಗೆ ಬಿತ್ತು. ಅದರ ಮೇಲಿದ್ದ ಒಂದು ಲಾರಿಯೂ ಬಿತ್ತು. ಮಳೆಗಾಲದ ಕಾಳಿ, ಕತ್ತಲೆ. ಮೀನುಗಾರರು ದೋಣಿ ತಂದರು, ಪೊಲೀಸರು ಜೊತೆಯಾದರು. ಲಾರಿಯ ಡ್ರೈವರನ್ನು ಜೀವಂತ ಎತ್ತಿದರು. ಹಗಲಿನಲ್ಲಿ ಬಿದ್ದಿದ್ದರೆ ಅಂತ ನೆನೆಸಿದರೆ ಮೈ ಜುಮ್ಮೆನ್ನುತ್ತದೆ.

ನಾನು ಹೇಳುವುದು ಇಷ್ಟೇ. ಇನ್ನು ನೀವು ಹೇಳಿ. ಸೇತುವೆ ಇಲ್ಲದ ಕಾಲದಲ್ಲಿ ಕಾಳಿ ದಾಟಿದವರು ಇಲ್ಲಿ ಕೂತಿದ್ದೀರಿ. ಆ ಕತೆ ಪುಸ್ತಕದಲ್ಲಿ ಕಡಿಮೆ, ನಿಮ್ಮ ಹತ್ತಿರವೇ ಹೆಚ್ಚು. ಯಾರು ಮೊದಲು ಹೇಳ್ತೀರಿ?