ಎಂ.ಬಿ.ಎ. ಓದೂ ಎರಡು ಎಕರೆ ಹೊಲವೂ

ಒಬ್ಬ ತಂದೆ ಮಗನೊಡನೆ ನಮ್ಮ ಬಳಿ ಬಂದಿದ್ದರು. ‘ಅಪ್ಪಾರ, ಹುಡುಗ ಎಂ.ಬಿ.ಎ. ಓದತಾನಂತ್ರಿ. ಫೀಜಿಗೆ ಎರಡೆಕರೆ ಹೊಲ ಮಾರತೀನ್ರಿ, ಅಪ್ಪಣೆ ಆಗಲಿ’ ಎಂದರು. ನಾವು ಅಪ್ಪಣೆ ಕೊಡಲಿಲ್ಲ. ಓದು ಬೇಡವೆಂದಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಕೌಸಾಳಿ ಸಂಸ್ಥೆಯಿದೆ. ಎರಡು ವರ್ಷದ ಓದು. ಮೊದಲು ಪಿಜಿಸಿಇಟಿ ಬರೆದು ಅಲ್ಲಿ ಸೀಟಿಗೆ ಯತ್ನಿಸಲಿ ಎಂದೆವು.

‘ಅಲ್ಲಿ ಏನು ಕಲಿಸುವರಪ್ಪಾ?’ ಎಂದು ಹುಡುಗನನ್ನು ಕೇಳಿದೆವು. ‘ಹಣಕಾಸು, ಮಾರುಕಟ್ಟೆ, ಜನರಿಂದ ಕೆಲಸ ಮಾಡಿಸುವುದು’ ಎಂದ. ನಮಗೆ ನಗು ಬಂತು. 1909ರಲ್ಲಿ ಹಾನಗಲ್ಲ ಕುಮಾರ ಶಿವಯೋಗಿಗಳು ಮಲಪ್ರಭೆಯ ದಂಡೆಯಲ್ಲಿ ಈ ಮಂದಿರವನ್ನು ಸ್ಥಾಪಿಸಿದಾಗ ವಟುಗಳ ಪ್ರಸಾದ, ದನಗಳ ಮೇವು ಎಲ್ಲವೂ ಭಕ್ತರು ಕೊಟ್ಟದ್ದರಲ್ಲೇ ನಡೆಯಬೇಕಿತ್ತು. ಕೊಟ್ಟವನ ಒಂದು ಕಾಳೂ ದಾರಿ ತಪ್ಪಬಾರದು. ಇದೂ ಆಡಳಿತವೇ ಅಲ್ಲವೇ?

ಹುಡುಗ ಅರ್ಜಿ ಹಾಕಿದ್ದಾನೆ. ಹೊಲದಲ್ಲಿ ಈ ಮುಂಗಾರಿಗೆ ಹೆಸರು ಬಿತ್ತಿದ್ದಾರಂತೆ.