ನೆತ್ತರು ಹೀರುವವನು ಯಾರ ಮನೆಯಲ್ಲಿ ಅಡಗಿದ್ದಾನೆ?

(ಪುಣೆಯಲ್ಲಿ ನಮ್ಮ ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಪಗಾರ, ರಜೆ, ಪ್ರಾವಿಡೆಂಟ್ ಫಂಡಿನ ವಿಷಯವನ್ನು ಕಾರ್ಯದರ್ಶಿಗಳು ಆಗಲೇ ವಿಸ್ತಾರವಾಗಿ ಹೇಳಿದ್ದಾರೆ. ನಮಗೆ ಕೊಟ್ಟದ್ದು ಇಪ್ಪತ್ತು ನಿಮಿಷ. ಅಷ್ಟರಲ್ಲಿ ನಾವು ಒಂದು ಭೂತದ ಕಥೆಯನ್ನು ಹೇಳಬೇಕೆಂದಿದ್ದೇವೆ. ನಗಬೇಡಿ. ಏಳನೇ ಇಯತ್ತೆ ಮುಗಿಸಿ ಕಪ್ಪು ಬಸಿ ತೊಳೆಯಲು ನಿಂತವರು ನಾವು. ಪಂಡಿತರಂತೆ ಮಾತಾಡಲು ಬಾರದು. ಕಣ್ಣಾರೆ ಕಂಡದ್ದನ್ನು ಹೇಳುತ್ತೇವೆ, ಆಮೇಲೆ ಓದಿ ಕೇಳಿ ತಿಳಿದದ್ದನ್ನು ನಡುನಡುವೆ ಸೇರಿಸುತ್ತೇವೆ.

ನಮ್ಮ ಪುಣೆಯಲ್ಲಿ ವೇತಾಳ ಟೇಕಡಿ ಎಂಬ ಗುಡ್ಡವಿದೆ. ಬೆಳಿಗ್ಗೆ ವಾಯುಸೇವನೆಗೆ ಹೋಗುವವರಿಗೆಲ್ಲ ಗೊತ್ತು, ಮೇಲೆ ವೇತಾಳನ ಗುಡಿ ಇದೆ. ಈ ವೇತಾಳ ನಮಗೆ ಹೊಸಬನಲ್ಲ. ವಿಕ್ರಮರಾಯನ ಹೆಗಲೇರಿ ಕಥೆ ಹೇಳುತ್ತಿದ್ದ ಬೇತಾಳನೇ ಅವನು. ಪಾಪ, ಅವನು ಯಾರ ರಕ್ತವನ್ನೂ ಕುಡಿದವನಲ್ಲ. 1870ರಲ್ಲಿ ಬರ್ಟನ್ ಎಂಬ ಇಂಗ್ಲಿಷಿನವರು ಆ ಕಥೆಗಳನ್ನು ತಮ್ಮ ಭಾಷೆಗೆ ತಿರುಗಿಸುವಾಗ ಬೇತಾಳನಿಗೆ ವ್ಯಾಂಪೈರ್ ಎಂಬ ಹೆಸರು ಕೊಟ್ಟುಬಿಟ್ಟರು. ವ್ಯಾಂಪೈರ್ ಎಂದರೆ ಸತ್ತ ಮೇಲೂ ಗೋರಿಯಿಂದೆದ್ದು ಬಂದು ಬದುಕಿದವರ ನೆತ್ತರು ಹೀರುವ ಪಿಶಾಚಿ. ಸಿನಿಮಾದಲ್ಲಿ ಕಪ್ಪು ನಿಲುವಂಗಿ ತೊಟ್ಟು, ಕೋರೆಹಲ್ಲು ತೋರಿಸಿಕೊಂಡು ಬರುವುದು ಅದೇ. ನಾವು ಹೇಳಹೊರಟ ರಕ್ತಪಿಶಾಚಿ ಅದಲ್ಲ. ಇದಕ್ಕೆ ಕೋರೆಯಿಲ್ಲ, ನಿಲುವಂಗಿಯಿಲ್ಲ. ಇದು ಪುಣೆ ಮುಂಬಯಿಗಳಿಂದ ನಮ್ಮ ಜತೆಯಲ್ಲಿಯೇ ಟಿಕೇಟಿಲ್ಲದೆ ಬಸ್ಸು ಹತ್ತಿ, ಊರಿಗೆ ಹೋಗಿ, ಹಳ್ಳಿಯ ಒಂದು ಮನೆಯ ಮೂಲೆಯಲ್ಲಿ ಅಡಗಿ ಕೂರುತ್ತದೆ.

2012ರ ಮಳೆಗಾಲದ ಮಾತು. ಆಗ ನಾವು ಇದೇ ಊರಿನ ಒಂದು ಹೊಟೆಲಿನಲ್ಲಿ ಮಾಣಿಯಾಗಿದ್ದೆವು. ಯಾವುದೆಂದು ಕೇಳಬೇಡಿ, ಹೇಳುವುದಿಲ್ಲ. ರಾತ್ರಿ ಗಲ್ಲಾ ಮುಚ್ಚಿದ ಮೇಲೆ ಅಡಿಗೆಮನೆಯ ಮೇಲಿನ ಅಟ್ಟದಲ್ಲಿ ಹನ್ನೊಂದು ಮಂದಿ ಮಲಗುತ್ತಿದ್ದೆವು. ಇದ್ದ ಒಂದು ಕಿಟಕಿಗೆ ಮಳೆಯ ಎರಚಲು ಬಾರದಿರಲೆಂದು ಗೋಣಿತಟ್ಟು ಬಡಿದಿದ್ದರು. ನಮ್ಮಲ್ಲಿ ಎಲ್ಲರಿಗಿಂತ ಕಿರಿಯವನು ಕುಂದಾಪುರದ ಕಡೆಯ ಒಬ್ಬ ಹುಡುಗ, ವಯಸ್ಸು ಹದಿನೆಂಟು. ಮೋರಿಯ ಬಳಿ ಕೂತು ತಟ್ಟೆ ಲೋಟ ತೊಳೆಯುವುದು ಅವನ ಕೆಲಸ. ಮೂರು ತಿಂಗಳಿಂದ ಕೆಮ್ಮುತ್ತಿದ್ದ. ಔಷಧದಂಗಡಿಯಿಂದ ಕೆಮ್ಮಿನ ಸೀಸೆ ತಂದು ಕುಡಿಯುವನು, ಎರಡು ದಿನ ಕಡಿಮೆ, ಮತ್ತೆ ಅದೇ. ಸಂಜೆಯಾದರೆ ಮೈ ಬಿಸಿ. ಅಂಗಿ ದಿನೇ ದಿನೇ ದೊಡ್ಡದಾಗುತ್ತಿತ್ತು, ಅಂದರೆ ಹುಡುಗ ಸಣ್ಣವನಾಗುತ್ತಿದ್ದ. ಒಂದು ಬೆಳಿಗ್ಗೆ ಮೋರಿಯಲ್ಲಿ ಕೆಮ್ಮಿದಾಗ ರಕ್ತ ಬಿತ್ತು.

ಧಣಿಗಳು ಕೆಟ್ಟವರಲ್ಲ. ಆದರೆ ಗಿರಾಕಿಗಳಿಗೆ ಗೊತ್ತಾದರೆ ಹೊಟೆಲಿನ ಗತಿ ಏನೆಂದು ಹೆದರಿದರು. ಬಸ್ಸಿನ ಟಿಕೇಟನ್ನೂ ಕೈಗೆ ಐನೂರು ರೂಪಾಯಿಯನ್ನೂ ಕೊಟ್ಟು, ಊರಿನಲ್ಲಿ ಒಳ್ಳೆಯ ಗಾಳಿ ಇದೆ, ಹೋಗಿ ಗುಣವಾಗಿ ಬಾ ಎಂದರು. ಅವನ ಟ್ರಂಕು ಕಟ್ಟಿಕೊಟ್ಟವರು ನಾವೇ. ಈ ಸಭೆಯ ಮುಂದೆ ಸುಳ್ಳು ಹೇಳಬಾರದು: ಬಸ್ಸು ಹೊರಟಾಗ ನಮಗೆ ಸಮಾಧಾನವೇ ಆಯಿತು. ಅದಕ್ಕೆ ಒಂದು ತಿಂಗಳು ಮೊದಲಿಂದ ನಾವು ಅವನ ಲೋಟದಲ್ಲಿ ನೀರು ಕುಡಿಯುವುದನ್ನು ಬಿಟ್ಟಿದ್ದೆವು. ಗೋಣಿತಟ್ಟನ್ನು ಕಿತ್ತು ಕಿಟಕಿ ತೆರೆಯಬೇಕೆಂದು ಮಾತ್ರ ಹನ್ನೊಂದು ತಲೆಗಳಲ್ಲಿ ಒಂದಕ್ಕೂ ತೋಚಲಿಲ್ಲ. ಈ ರೋಗ ಲೋಟದಿಂದ, ತಟ್ಟೆಯಿಂದ ಹರಡುವುದಿಲ್ಲ. ಮುಚ್ಚಿದ ಕೋಣೆಯಲ್ಲಿ ಕೆಮ್ಮಿದವನ ಉಸಿರಿನಿಂದ ಹರಡುತ್ತದೆ ಎಂದು ತಿಳಿದದ್ದು ಬಹಳ ತಡವಾಗಿ.

ದೀಪಾವಳಿಗೆ ಊರಿಗೆ ಹೋದಾಗ ಅವನ ಮನೆ ಹುಡುಕಿಕೊಂಡು ಹೋದೆವು. ಘಟ್ಟದ ಬುಡದ ಸಣ್ಣ ಹಳ್ಳಿ, ಇಪ್ಪತ್ತು ಮನೆ ಇರಬಹುದು. ಹಲವು ಬಾಗಿಲುಗಳ ಮೇಲೆ ಸುಣ್ಣದಲ್ಲಿ 'ನಾಳೆ ಬಾ' ಎಂದು ಬರೆದಿತ್ತು. ರಾತ್ರಿ ಪರಿಚಯದ ದನಿಯಲ್ಲಿ ಕರೆದು, ಓಗೊಟ್ಟವರನ್ನು ರಕ್ತ ಕಾರಿಸಿ ಕೊಲ್ಲುವ ಹೆಣ್ಣುಭೂತ ಅದನ್ನು ಓದಿ ಹಿಂದಿರುಗುವುದಂತೆ. ತೊಂಬತ್ತರ ದಶಕದಲ್ಲಿ ಬೆಂಗಳೂರಿನಲ್ಲೂ ಬಾಗಿಲು ಬಾಗಿಲಿಗೆ ಹೀಗೆ ಬರೆದಿದ್ದರೆಂದು ನಿಮಗೆ ನೆನಪಿರಬಹುದು. ಭೂತಕ್ಕೂ ಅಕ್ಷರ ಬರುತ್ತದೆಂದು ಜನ ನಂಬಿದ್ದರಲ್ಲ, ಅಷ್ಟು ಮಟ್ಟಿಗೆ ನಮ್ಮ ನಾಡು ಮುಂದುವರಿದಿದೆ.

ಹುಡುಗ ಚಾಪೆಗೆ ಅಂಟಿದ್ದ. ಮೂರು ವರ್ಷದ ಹಿಂದೆ ಅವನ ಅಣ್ಣನೂ ಮುಂಬಯಿಯ ಹೊಟೆಲಿನಿಂದ ಹೀಗೆಯೇ ಕೆಮ್ಮುತ್ತ ಬಂದು ಸತ್ತಿದ್ದನಂತೆ. ಒಂದೇ ಮನೆಯಲ್ಲಿ ಎರಡನೆಯದು. ತಾಯಿ ಪ್ರಶ್ನೆ ಇಡಿಸಿದಳು. ನೋಡಿದವರು, ರಾತ್ರಿ ಹೊತ್ತು ಯಾರೋ ನೆತ್ತರು ಹೀರುತ್ತಿದ್ದಾರೆ, ಹೊರಗಿನವರಲ್ಲ, ಹತ್ತಿರದವರೇ, ಎಂದರಂತೆ. ಹತ್ತಿರದವರು ಯಾರು? ಅಣ್ಣ ಮಲಗಿದ್ದಾಗ ಹಗಲಿರುಳು ಬಳಿಯಲ್ಲಿ ಕೂತು ಗಂಜಿ ಕುಡಿಸಿದವಳು ಪಕ್ಕದ ಮನೆಯ ವಿಧವೆ ದೊಡ್ಡಮ್ಮ. ಸೇವೆಗೆ ಬಂದ ಪ್ರತಿಫಲ ನೋಡಿ. ಮಕ್ಕಳು ಅವಳನ್ನು ಕಂಡರೆ ಓಡುತ್ತಿದ್ದರು. ಬಾವಿಗೆ ಕೊಡ ಇಳಿಸಲು ಬಿಡುತ್ತಿರಲಿಲ್ಲ. ಅವಳ ಸ್ವಂತ ಮೈದುನನ ಮಗನೇ ಅವಳನ್ನು ದನದ ಕೊಟ್ಟಿಗೆಗೆ ದಬ್ಬಿದ್ದ. ನಾವು ಹೋಗಿ ಮಾತಾಡಿಸಿದಾಗ, "ನಾನ್ ಯಾರ್ ರಕ್ತ ಕುಡೂದ್ ಮಗಾ? ಗಂಜಿನೀರೇ ಗಂಟಲಲ್ಲಿ ಇಳಿತಿಲ್ಲೆ" ಎಂದಳು. ಜವಾಬು ಕೊಡಲು ನಮ್ಮ ಬಳಿ ಏನಿತ್ತು? ನಮಗೂ ಆಗ ಅರ್ಧ ನಂಬಿಕೆಯೇ. ಜನವರಿಯಲ್ಲಿ ಹುಡುಗ ತೀರಿಕೊಂಡ.

ನಮ್ಮ ಹಳ್ಳಿಗರು ಮಾತ್ರ ಹೀಗೆ ಎಂದು ತಿಳಿಯಬೇಡಿ. ಅಮೆರಿಕದಲ್ಲಿ ರೋಡ್ ಐಲೆಂಡ್ ಎಂಬ ಪುಟ್ಟ ರಾಜ್ಯವಿದೆ. ಅಲ್ಲಿ ಎಕ್ಸಿಟರ್ ಎಂಬ ಬೇಸಾಯಗಾರರ ಊರು. ಜಾರ್ಜ್ ಬ್ರೌನ್ ಎಂಬ ಒಕ್ಕಲಿಗನ ಹೆಂಡತಿ 1883ರಲ್ಲಿ ಸತ್ತಳು, ಮರುವರ್ಷ ಹಿರಿಯ ಮಗಳು. ಕೆಲವು ವರ್ಷ ಬಿಟ್ಟು ಮಗ ಎಡ್ವಿನ್ ಹಾಸಿಗೆ ಹಿಡಿದ. 1892ರ ಜನವರಿಯಲ್ಲಿ ಮರ್ಸಿ ಎಂಬ ಹತ್ತೊಂಬತ್ತರ ಮಗಳೂ ಹೋದಳು. ಸತ್ತವರಲ್ಲಿ ಯಾರೋ ಒಬ್ಬರು ಎಡ್ವಿನ್‌ನ ರಕ್ತ ಹೀರುತ್ತಿದ್ದಾರೆಂದು ನೆರೆಹೊರೆಯವರು ಹಟ ಹಿಡಿದರು. ತಂದೆಗೆ ನಂಬಿಕೆಯಿರಲಿಲ್ಲ, ಆದರೂ ಊರಿನ ಮಾತಿಗೆ ಒಪ್ಪಿದ. ಮಾರ್ಚ್ 17ರಂದು ಹೆಣಗಳನ್ನು ತೆಗೆಸಿ ನೋಡಿದರು. ತಾಯಿ, ಹಿರಿಯ ಮಗಳು ಎಲುಬಾಗಿದ್ದರು. ಮರ್ಸಿಯ ದೇಹ ಕೆಟ್ಟಿರಲಿಲ್ಲ, ಹೃದಯದಲ್ಲಿ ರಕ್ತವಿತ್ತು. ಅವಳೇ ಪಿಶಾಚಿ ಎಂದು ತೀರ್ಮಾನವಾಯಿತು. ಸತ್ತು ಎರಡು ತಿಂಗಳು, ಅದೂ ಆ ದೇಶದ ಕೊರೆಯುವ ಚಳಿಗಾಲ, ಕಲ್ಲಿನ ಕೋಣೆಯಲ್ಲಿ ಇಟ್ಟ ಹೆಣ. ಫ್ರಿಜ್ಜಿನಲ್ಲಿಟ್ಟ ಹಿಟ್ಟು ಹುಳಿ ಬರುವುದಿಲ್ಲವೆಂದು ನಮ್ಮ ದೋಸೆ ಭಟ್ಟರಿಗೆ ಗೊತ್ತು, ಆ ಜನಕ್ಕೆ ತೋಚಲಿಲ್ಲ. ಹೃದಯವನ್ನು ಬಂಡೆಯ ಮೇಲೆ ಸುಟ್ಟು, ಬೂದಿಯನ್ನು ಕಲಸಿ ಎಡ್ವಿನ್‌ಗೆ ಕುಡಿಸಿದರು. ಎರಡು ತಿಂಗಳೊಳಗೆ ಅವನೂ ಸತ್ತ. ಹೆಣ ಪರೀಕ್ಷಿಸಿದ ವೈದ್ಯರು, ಇವಳ ಪುಪ್ಪುಸದಲ್ಲಿರುವುದು ಕ್ಷಯದ ಗುರುತು ಎಂದು ಹೇಳಿದ್ದರು, ಕೇಳಿದವರು ಯಾರು? ಕಾಕ್ ಎಂಬ ಜರ್ಮನ್ ವೈದ್ಯರು ಕ್ಷಯದ ಕ್ರಿಮಿಯನ್ನು ಕಂಡುಹಿಡಿದೆನೆಂದು ಸಾರಿದ್ದು 1882ರ ಮಾರ್ಚ್ 24ರಂದು, ಹತ್ತು ವರ್ಷ ಮೊದಲೇ.

ಈ ಕ್ರಿಮಿಯ ರೀತಿಯೇ ಜನರನ್ನು ಹಾಗೆ ನಂಬಿಸುವಂಥದು. ಇದು ಎದೆಯೊಳಗೆ ಹೊಕ್ಕು ವರ್ಷಗಟ್ಟಲೆ ಸುಮ್ಮನೆ ಮಲಗಿರಬಲ್ಲುದು. ಹೊಕ್ಕವರಲ್ಲಿ ಹೆಚ್ಚಿನವರಿಗೆ ಜೀವಮಾನದಲ್ಲಿ ಕಾಯಿಲೆಯೇ ಬಾರದು. ಹೊಟ್ಟೆಗೆ ಸಾಲದಿದ್ದರೆ, ಸಿಹಿಮೂತ್ರವಿದ್ದರೆ, ಕುಡಿತ ಬೀಡಿಗಳಿಂದ ಮೈ ಸೋತರೆ ಏಳುತ್ತದೆ. ಎದ್ದರೆ ಮಾಂಸ ಕರಗುತ್ತದೆ, ಮುಖ ಬಿಳಿಚಿಕೊಳ್ಳುತ್ತದೆ, ಪುಪ್ಪುಸದ ರಕ್ತನಾಳ ಸವೆದು ಬಾಯಲ್ಲಿ ರಕ್ತ ಬರುತ್ತದೆ. ಒಬ್ಬ ಸತ್ತು ಎರಡು ಮೂರು ವರ್ಷಕ್ಕೆ, ಅವನ ಬಳಿ ಮಲಗಿದ್ದವನು, ಆರೈಕೆ ಮಾಡಿದವನು ಬೀಳುತ್ತಾನೆ. ಸತ್ತವನು ಕರೆದುಕೊಂಡ ಎಂದು ಹಳ್ಳಿ ಹೇಳುವುದು ಇದನ್ನೇ. ಕಂಡದ್ದೆಲ್ಲ ಸರಿ, ಬೆರಳು ತೋರಿಸಿದ್ದು ತಪ್ಪು. ಬಡವರ ಮನೆಯನ್ನೇ ಹುಡುಕುತ್ತದೆಂದೂ ಅಲ್ಲ. ಮೈಸೂರಿನ ಕ್ಷಯದ ಆಸ್ಪತ್ರೆಗೆ ಕೃಷ್ಣಾಜಮ್ಮಣ್ಣಿಯವರ ಹೆಸರಿದೆಯಲ್ಲ, ಅವರು ನಾಲ್ವಡಿ ಕೃಷ್ಣರಾಜ ಒಡೆಯರ ಒಡಹುಟ್ಟಿದವರು. ಇದೇ ರೋಗ ಅವರನ್ನು ಒಯ್ದಿತು. ಆಗ ಮದ್ದಿರಲಿಲ್ಲ.

ಈಗ ಇದೆ. ಮದರಾಸಿನಲ್ಲಿ 1956ರಲ್ಲಿ ಆರಂಭವಾದ ಪರೀಕ್ಷೆಯಿಂದ, ಆಸ್ಪತ್ರೆಯಲ್ಲಿ ಮಲಗದೆ ಮನೆಯಲ್ಲಿಯೇ ಗುಳಿಗೆ ನುಂಗಿ ಗುಣವಾಗಬಹುದೆಂದು ಜಗತ್ತಿಗೇ ತಿಳಿಯಿತು. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯಾಯಿತು. ಇಷ್ಟಾದರೂ ಲೋಕದ ಕ್ಷಯರೋಗಿಗಳಲ್ಲಿ ಸುಮಾರು ಕಾಲುಭಾಗ ನಮ್ಮ ದೇಶದಲ್ಲೇ ಇದ್ದಾರೆ.

ಆ ಮನೆಯ ಕಥೆ ಮುಗಿದಿರಲಿಲ್ಲ. 2014ರಲ್ಲಿ ಹುಡುಗನ ತಂಗಿ ಕೆಮ್ಮಲು ಆರಂಭಿಸಿದಳು. ಅಷ್ಟರಲ್ಲಿ ನಾವು ಸಂಘಕ್ಕೆ ಸೇರಿ ನಾಲ್ಕಕ್ಷರ ತಿಳಿದಿದ್ದೆವು. ಫೋನು ಬಂದ ಕೂಡಲೆ ಹೋಗಿ, ತಾಯಿಯೊಡನೆ ಜಗಳಾಡಿ, ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದೆವು. ಕಫ ನೋಡಿದರು, ಕ್ಷಯವೇ. ಎರಡು ತಿಂಗಳಿಗೆ ಜ್ವರ ಕೆಮ್ಮು ಇಲ್ಲವಾಗಿ, ಗುಣವಾಯಿತಲ್ಲ, ಇನ್ನೇಕೆ ಗುಳಿಗೆ ಎಂದಳು. ಇಲ್ಲಿಯೇ ಬಹಳ ಮಂದಿ ಕೆಡುವುದು. ನಡುವೆ ಬಿಟ್ಟರೆ ಕ್ರಿಮಿ ಮದ್ದಿಗೆ ಬಗ್ಗದಂತಾಗಿ ಮತ್ತೆ ಏಳುತ್ತದೆ. ಪೂರಾ ನುಂಗಿಸಿದೆವು. ಆಕೆಗೆ ಈಗ ಮದುವೆಯಾಗಿ ಇಬ್ಬರು ಮಕ್ಕಳು. ದೊಡ್ಡಮ್ಮನ ಬಳಿ ತಪ್ಪಾಯಿತೆಂದು ತಾಯಿ ಕೈಮುಗಿದಳು. ಮುದುಕಿ ಕೊಟ್ಟಿಗೆಯಿಂದ ಹೊರಬಂದಳು, ಆದರೆ ಸಾಯುವ ತನಕ ಆ ಮನೆಯ ಮೆಟ್ಟಲು ಹತ್ತಲಿಲ್ಲ.

ಒಬ್ಬರನ್ನು ಭೂತವೆಂದು, ಮಾಟಗಾತಿಯೆಂದು ಸಾರಿ ಹಿಂಸಿಸುವುದು ಈಗ ಅಪರಾಧ. ಮಹಾರಾಷ್ಟ್ರದಲ್ಲಿ 2013ರ ಕಾಯಿದೆ, ಕರ್ನಾಟಕದಲ್ಲಿ 2017ರದು. ಮಹಾರಾಷ್ಟ್ರದ ಕಾಯಿದೆಗಾಗಿ ವರ್ಷಗಟ್ಟಲೆ ಹೆಣಗಿದ ಡಾಕ್ಟರ್ ನರೇಂದ್ರ ದಾಭೋಲ್ಕರರನ್ನು 2013ರ ಆಗಸ್ಟ್ 20ರ ಬೆಳಿಗ್ಗೆ ಇದೇ ಪುಣೆಯಲ್ಲಿ, ಓಂಕಾರೇಶ್ವರದ ಬಳಿಯ ಸೇತುವೆಯ ಮೇಲೆ ಗುಂಡಿಟ್ಟು ಕೊಂದರು. ನಮ್ಮಲ್ಲಿ ಎಷ್ಟೋ ಮಂದಿ ಆ ಸೇತುವೆಯನ್ನು ದಾಟಿ ಕೆಲಸಕ್ಕೆ ಹೋಗುತ್ತೇವೆ.

ಇನ್ನು ಕೆಲಸದ ಮಾತು. ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ಕಾರಣವಿಲ್ಲದೆ ಇಳಿಯುವ ತೂಕ, ಕಫದಲ್ಲಿ ರಕ್ತ, ಇವುಗಳಲ್ಲಿ ಒಂದಿದ್ದರೂ ಕಫ ಪರೀಕ್ಷೆ ಮಾಡಿಸಿ. ಸಸೂನ್ ಆಸ್ಪತ್ರೆಯಲ್ಲಿ, ಕಾರ್ಪೊರೇಷನ್ನಿನ ದವಾಖಾನೆಗಳಲ್ಲಿ ದುಡ್ಡಿಲ್ಲ. ಗುಳಿಗೆಯೂ ಪುಕ್ಕಟೆ, ಸಾಮಾನ್ಯ ಕ್ಷಯಕ್ಕೆ ಆರು ತಿಂಗಳು. ಸರಿಯಾಗಿ ನುಂಗಿದರೆ ಕೆಲವು ವಾರಗಳಲ್ಲಿಯೇ ಇನ್ನೊಬ್ಬರಿಗೆ ಅಂಟುವ ಭಯ ಬಹಳ ಮಟ್ಟಿಗೆ ತಪ್ಪುತ್ತದೆ. ಆದ್ದರಿಂದ ಊರಿಗೆ ಅಟ್ಟಬೇಕಾಗಿಲ್ಲ. ಆಹಾರಕ್ಕೆಂದು ಸರ್ಕಾರ 2018ರಿಂದ ರೋಗಿಯ ಬ್ಯಾಂಕ್ ಖಾತೆಗೆ ತಿಂಗಳಿಗೆ 500 ರೂಪಾಯಿ ಹಾಕುತ್ತಿತ್ತು, 2024ರ ನವೆಂಬರಿನಿಂದ ಅದು 1000 ಆಗಿದೆ. ಊರಿಗೆ ಹೋಗಲೇಬೇಕಾದರೆ ದವಾಖಾನೆಯಲ್ಲಿ ಕೊಡುವ ನಿಕ್ಷಯ್ ನಂಬರನ್ನು ಜೋಪಾನವಾಗಿ ಒಯ್ಯಿರಿ. ಅದರ ಮೇಲೆ ಊರಿನ ಆಸ್ಪತ್ರೆಯಲ್ಲಿ ಅದೇ ಮದ್ದು ಮುಂದುವರಿಯುತ್ತದೆ. ಇ.ಎಸ್.ಐ. ಇದ್ದವರಿಗೆ ಕ್ಷಯಕ್ಕೆ ದೀರ್ಘಾವಧಿಯ ಬೇನೆಭತ್ಯ ಉಂಟು, ಪಗಾರದ ಶೇಕಡಾ 80. ಆದರೆ ಅದಕ್ಕೆ ಎರಡು ವರ್ಷದ ನಿರಂತರ ನೌಕರಿಯ ದಾಖಲೆ ಬೇಕು. ಹಾಜರಿ ಪುಸ್ತಕದಲ್ಲಿ ನಿಮ್ಮ ಹೆಸರು ಇದೆಯೇ ಎಂದು ನಾವು ಮತ್ತೆ ಮತ್ತೆ ಕೇಳುವುದು ಇದಕ್ಕೇ.

ದವಾಖಾನೆ ತೆರೆದಿರುವುದು ಬೆಳಿಗ್ಗೆ, ನಾಷ್ಟಾದ ಗಿರಾಕಿ ಮುಗಿಬೀಳುವ ಹೊತ್ತಿಗೇ. ನಾಳೆ ಹೋದರಾಯಿತು ಎಂದು ನೀವು ತಳ್ಳುವುದು ಅದಕ್ಕೆಂದು ನಮಗೆ ಗೊತ್ತು, ನಾವೂ ತಳ್ಳಿದವರೇ. ಆದ್ದರಿಂದ ಕಾರ್ಯಕಾರಿ ಸಮಿತಿ ಹೀಗೆ ಗೊತ್ತುಮಾಡಿದೆ. ಕೆಮ್ಮುವ ಹುಡುಗನಿದ್ದರೆ ಸಂಘಕ್ಕೆ ಹೇಳಿ ಕಳುಹಿಸಿ. ನಮ್ಮಲ್ಲಿ ಒಬ್ಬರು ಅವನ ಜತೆ ದವಾಖಾನೆಗೆ ಹೋಗುತ್ತೇವೆ, ಇನ್ನೊಬ್ಬರು ಅಷ್ಟು ಹೊತ್ತು ಅವನ ಬದಲು ಟೇಬಲ್ಲಿಗೋ ಮೋರಿಗೋ ನಿಲ್ಲುತ್ತೇವೆ. ಧಣಿಗಳೊಡನೆ ಮಾತು ನಮ್ಮ ಪಾಲಿಗಿರಲಿ. ಇವತ್ತು ರಾತ್ರಿ ಹೋಗಿ ಮಲಗುವ ಮೊದಲು, ನಿಮ್ಮ ಅಟ್ಟದ ಕಿಟಕಿಗೆ ಏನು ಬಡಿದಿದ್ದಾರೆಂದು ಒಮ್ಮೆ ನೋಡಿ, ಕಿತ್ತುಹಾಕಿ.