ಅಂಚೆಯ ಗುಮಾಸ್ತನ ಚೀಟಿ
(ಮುಂಬಯಿಯಲ್ಲಿ ಸಂಘದ ಸದಸ್ಯರ ಕೂಟದಲ್ಲಿ ಮಾಡಿದ ಭಾಷಣ)



ಸಂಘದ ಪ್ರಚಾರದ ವಿಷಯವಾಗಿ ನಾಲ್ಕು ಮಾತು ಆಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದಾರೆ. ನಾನು ಪ್ರಚಾರಕಲೆಯನ್ನು ಬಲ್ಲವನಲ್ಲ. ಬ್ಯಾಂಕಿನಲ್ಲಿ ಜಮಾಖರ್ಚು ಬರೆಯುವ ಗುಮಾಸ್ತ. ಆದುದರಿಂದ ಖರ್ಚಿನ ಕಡೆಯಿಂದಲೇ ಆರಂಭಿಸುತ್ತೇನೆ.

ಕಳೆದ ವರುಷ ನಮ್ಮ ಭಾನುವಾರದ ಕನ್ನಡ ತರಗತಿಗೆಂದು 6,000 ರೂಪಾಯಿ ತೆತ್ತು ಬ್ಯಾನರುಗಳನ್ನು ಕಟ್ಟಿಸಿದೆವು. ಹೊಸದಾಗಿ ಸೇರಿದ ಮಕ್ಕಳು ಐವರು. ತರಗತಿಯ ಸುದ್ದಿ ಯಾರಿಂದ ತಿಳಿಯಿತೆಂದು ಅವರ ಮನೆಯವರನ್ನು ನಾನೇ ವಿಚಾರಿಸಿದೆ. ನಾಲ್ವರಿಗೆ ನೆರೆಮನೆಯವರು ಹೇಳಿದ್ದರು. ಒಬ್ಬರಿಗೆ ಉಡುಪಿ ಹೋಟೆಲಿನ ಗಲ್ಲಾದ ಮೇಲೆ ಕೂರುವ ಶೆಟ್ಟರು. ಬ್ಯಾನರು ನೋಡಿ ಬಂದವರು ಒಬ್ಬರೂ ಇಲ್ಲ! ಈಗಿರುವ ಮಕ್ಕಳು 11. ಜೂನ್ ತಿಂಗಳೊಳಗೆ 15 ಆಗದಿದ್ದರೆ ಕೋಣೆ ಬಿಟ್ಟುಕೊಡಬೇಕೆಂದು ಶಾಲೆಯವರು ತಿಳಿಸಿದ್ದಾರೆ.

ನನ್ನಂತೆಯೇ ಸಣ್ಣ ನೌಕರನಾಗಿದ್ದವನೊಬ್ಬನ ಕಥೆ ಇಲ್ಲಿ ನೆನಪಿಗೆ ಬರುತ್ತದೆ. ಡೆನ್ಮಾರ್ಕಿನ ಅಂಚೆ ಕಚೇರಿಯಲ್ಲಿದ್ದ ಐನಾರ್ ಹೊಲ್‌ಬೋಲ್ ಎಂಬಾತ 1903ರ ಕ್ರಿಸ್‌ಮಸ್ ಕಾಲದಲ್ಲಿ ಹೊರೆಹೊರೆ ಪತ್ರಗಳನ್ನು ವಿಂಗಡಿಸುತ್ತಿದ್ದಾಗ ಒಂದು ಯೋಚನೆ ಹೊಳೆಯಿತಂತೆ. ಹೇಗೂ ಊರೂರಿಗೆ ಹೋಗುವ ಈ ಲಕೋಟೆಗಳ ಮೇಲೆ ಇನ್ನೊಂದು ಪುಟ್ಟ ಚೀಟಿಯನ್ನೂ ಅಂಟಿಸಿದರೆ, ಅದರ ಹಣ ಕ್ಷಯರೋಗದ ಮಕ್ಕಳಿಗೆ ಸಲ್ಲಬಾರದೇಕೆ? ಅರಸರ ಒಪ್ಪಿಗೆ ದೊರೆಯಿತು. 1904ರಲ್ಲಿ ರಾಣಿ ಲೂಯಿಸಳ ಚಿತ್ರವಿದ್ದ ಚೀಟಿಗಳು ಹೊರಬಂದು, ಮೊದಲ ವರುಷವೇ 40 ಲಕ್ಷಕ್ಕೂ ಹೆಚ್ಚು ಮಾರಿದವು. ಬೆಲೆಯೋ ಅಲ್ಲಿಯ ಚಿಲ್ಲರೆ ಕಾಸು. ಆ ಹಣದಿಂದ ಮುಂದೆ ಕೋಲ್ಡಿಂಗ್ ಎಂಬಲ್ಲಿ ಮಕ್ಕಳಿಗಾಗಿ ಆರೋಗ್ಯಧಾಮವೆದ್ದಿತು.

1907ರಲ್ಲಿ ಅಮೆರಿಕದ ಎಮಿಲಿ ಬಿಸೆಲ್ ಎಂಬಾಕೆ ಮುಚ್ಚಿಹೋಗಲಿದ್ದ ಸಣ್ಣ ಆಸ್ಪತ್ರೆಯೊಂದಕ್ಕೆ 300 ಡಾಲರು ಬೇಕೆಂದು ಇದೇ ಉಪಾಯ ಹೂಡಿದರು; ಅದರ ಹತ್ತರಷ್ಟು ಕೂಡಿತು. ನಮ್ಮ ದೇಶದಲ್ಲಿಯೂ 1950ರಲ್ಲಿ ಕ್ಷಯನಿವಾರಣಾ ಸಂಸ್ಥೆಯವರು ಇಂಥ ಚೀಟಿಗಳ ಮಾರಾಟವನ್ನು ಆರಂಭಿಸಿದರು.

ಇದರಲ್ಲಿ ಜಾಣತನ ಎಲ್ಲಿದೆ ನೋಡಿ. ಸಾಗಣೆಯ ಖರ್ಚು ಪೂರಾ ಬೇರೆಯವರದು. ಕಾಸು ಕೊಟ್ಟವನೇ ಸುದ್ದಿಯನ್ನೂ ಹೊತ್ತ. ಲಕೋಟೆ ಪಡೆದವನಿಗೆ ಅದು ಜಾಹೀರಾತಾಗಿ ಕಾಣಲಿಲ್ಲ, ಗೆಳೆಯನ ಕೈಯಿಂದ ಬಂದದ್ದಾಗಿ ಕಂಡಿತು. ನಮ್ಮ ಬ್ಯಾನರಿಗೆ ಇಲ್ಲದಿದ್ದುದು ಇದೇ.

ಈಗ ಪತ್ರ ಬರೆಯುವವರು ವಿರಳ, ಒಪ್ಪಿದೆ. ವಾಟ್ಸಾಪಿನಲ್ಲಿ ಕಳುಹಿಸೋಣವೆನ್ನುವಿರಿ, ಕಳುಹಿಸಿ, ಕಾಸಿನ ಖರ್ಚಿಲ್ಲ. ಆದರೆ ನಮ್ಮ ಗುಂಪಿನಲ್ಲಿರುವವರು ನಾವೇ ತಾನೆ? ಬೆಳಗಿನ ‘ಶುಭೋದಯ’ಗಳ ನಡುವೆ ತರಗತಿಯ ಸುದ್ದಿ ಎಲ್ಲಿ ಅಡಗಿತೋ ಹುಡುಕಬೇಕು. ನಮ್ಮನ್ನರಿಯದ ಕನ್ನಡ ಮನೆಗಳಿಗೆ ದಿನವೂ ಹೋಗುವುದೇನು? ಶೆಟ್ಟರ ಹೋಟೆಲಿನ ಇಡ್ಲಿಯ ಪೊಟ್ಟಣ!

ಶೆಟ್ಟರನ್ನು ಕೇಳಿದೆ. “ಅಂಟಿಸಿ ಮಾರಾಯ್ರೆ, ಆದರೆ ಅಂಟಿಸುವ ಹುಡುಗರನ್ನು ನೀವೇ ಕಳುಹಿಸಿ” ಎಂದರು. 1,000 ಚೀಟಿಗೆ ಮುದ್ರಣಾಲಯದವರು 700 ರೂಪಾಯಿ ಹೇಳಿದ್ದಾರೆ. ಅದರ ಮೇಲೆ ದೊಡ್ಡದೊಂದು ‘ಅ’, ಕೆಳಗೆ ತರಗತಿಯ ವೇಳೆ ಮತ್ತು ವಿಳಾಸ, ಇಷ್ಟೇ ಸಾಕು. ದಯವಿಟ್ಟು ಪದಾಧಿಕಾರಿಗಳ ಭಾವಚಿತ್ರ ಬೇಡ. ಹೊಸಬರು ಬಂದಾಗ “ಯಾರು ಹೇಳಿದರು?” ಎಂದು ಕೇಳಿ ಬರೆದಿಡಲು ಒಂದು ವಹಿ ತಂದಿದ್ದೇನೆ.

ಬರುವ ಶನಿವಾರ ಸಂಜೆ ಐದಕ್ಕೆ ಚೀಟಿಗಳೊಡನೆ ಹೋಟೆಲಿನಲ್ಲಿರುತ್ತೇನೆ. ಅಂಟಿಸಲು ಇನ್ನೂ ಮೂವರು ಬೇಕು. ಕಾಫಿ ಶೆಟ್ಟರದು.